ಇಮೇಲಿಗೆ ಗೆರೆ ಬೇಕೇ? ಲಾಗಿನ್ ಒಂದೇ ಪದವೇ?

ಎಲ್ಲರಿಗೂ ನಮಸ್ಕಾರ.

ನಾನು ಗದಗದಲ್ಲಿ ಪ್ರೂಫ್ ತಿದ್ದುವ ಕೆಲಸ ಮಾಡುತ್ತೇನೆ. ಮನೆ ಬೆಟಗೇರಿಯಲ್ಲಿ. ಈಗ ಕೈಯಲ್ಲಿರುವುದು ಒಂದು ಕಂಪ್ಯೂಟರ್ ಕೈಪಿಡಿ. ಎಡಪುಟದಲ್ಲಿ ಇಂಗ್ಲಿಷ್, ಬಲಪುಟದಲ್ಲಿ ಕನ್ನಡ. ಹಳ್ಳಿಯಿಂದ ಬಂದು ಹೊಸದಾಗಿ ಕಂಪ್ಯೂಟರ್ ಕಲಿಯುವ ಮಕ್ಕಳಿಗೆ ಅಂತ ಧಾರವಾಡದ ನಿವೃತ್ತ ಮಾಸ್ತರೊಬ್ಬರು ಬರೆದದ್ದು. ವಿಷಯ ಚೆನ್ನಾಗಿದೆ, ಭಾಷೆ ಸರಳವಾಗಿದೆ. ಆದರೆ ಮೊದಲ ಪ್ರೂಫಿನ ಹನ್ನೆರಡನೇ ಪುಟದಲ್ಲೇ ನಾನು ನಿಂತುಬಿಟ್ಟೆ.

ಆ ಒಂದೇ ಪುಟದಲ್ಲಿ ಇಮೇಲ್ ಅನ್ನುವ ಪದ ಇಂಗ್ಲಿಷಿನಲ್ಲಿ ಮೂರು ಥರ ಇತ್ತು. ತಲೆಬರಹದಲ್ಲಿ ದೊಡ್ಡ ಇ, ಗೆರೆ (ಅಂದರೆ ಹೈಫನ್), ದೊಡ್ಡ ಎಮ್. ಮೊದಲ ಸಾಲಿನಲ್ಲಿ ಎಲ್ಲಾ ಸಣ್ಣಕ್ಷರ, ನಡುವೆ ಗೆರೆ. ಚಿತ್ರದ ಕೆಳಗಿನ ಸಾಲಿನಲ್ಲಿ ಗೆರೆಯೇ ಇಲ್ಲ. ಎದುರಿನ ಕನ್ನಡ ಪುಟದಲ್ಲಿ ನಾಲ್ಕು ಥರ: ಇ-ಮೇಲ್, ಇಮೇಲ್, ಈಮೇಲ್, ಈ-ಮೇಲ್. ಕೆಂಪು ಪೆನ್ನು ಹಿಡಿದು ಕೂತೆ. ಯಾವುದನ್ನು ಹೊಡೆದು ಯಾವುದನ್ನು ಉಳಿಸುವುದು?

ಡಿಟಿಪಿ ಮಾಡುವ ತಮ್ಮನನ್ನು ಕೇಳಿದೆ. ‘ಯಾವುದರೆ ಒಂದು ಇಡ್ರಿ ಅಕ್ಕಾರ, ಓದೋರಿಗೆ ತಿಳೀತದ’ ಅಂದ. ಮಾಸ್ತರಿಗೆ ಫೋನ್ ಮಾಡಿದೆ. ‘ನಾ ಕಲಿಯೋವಾಗ ಗೆರಿ ಇತ್ತವ್ವಾ, ಗೆರಿ ಇರಲಿ’ ಅಂದರು. ಅವರ ಮೊಮ್ಮಗಳು ಹುಬ್ಬಳ್ಳಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ಫೋನಿನ ಹಿಂದಿನಿಂದ ಅವಳ ದನಿ ಕೇಳಿಸಿತು: ‘ಅಜ್ಜಾ, ಈಗ ಯಾರೂ ಗೆರಿ ಹಾಕಂಗಿಲ್ಲ!’ ಮೂವರೂ ಅವರವರ ಮಟ್ಟಿಗೆ ಸರಿಯೇ. ಆದರೆ ಮಕ್ಕಳ ಪುಸ್ತಕದಲ್ಲಿ ಒಂದು ಪದಕ್ಕೆ ಒಂದೇ ರೂಪ ಇರಬೇಕು. ಏಳು ರೂಪ ಕಂಡರೆ ಮಗು ಏಳು ಬೇರೆ ಬೇರೆ ವಸ್ತು ಅಂದುಕೊಳ್ಳುತ್ತದೆ. ಅದಕ್ಕೇ ಎರಡು ವಾರ ಇದರ ಹಿಂದೆ ಬಿದ್ದೆ. ತಿಳಿದದ್ದನ್ನೂ, ಗಂಟು ಬಿಡಿಸಲಾಗದೆ ಉಳಿದದ್ದನ್ನೂ ಬಲ್ಲವರ ಮುಂದೆ ಇಡುತ್ತಿದ್ದೇನೆ.

ಮೊದಲು ಇಂಗ್ಲಿಷಿನದು. ಇಮೇಲಿನ ಇ ಅಂದರೆ ಎಲೆಕ್ಟ್ರಾನಿಕ್. ಒಂದೇ ಅಕ್ಷರ ಒಂದು ಪೂರ್ತಿ ಪದಕ್ಕೆ ಅಂಟುವಾಗ ನಡುವೆ ಗೆರೆ ಹಾಕುವುದು ಇಂಗ್ಲಿಷಿನ ರೂಢಿ. ಎಕ್ಸ್-ರೇ, ಟಿ-ಶರ್ಟ್, ಯು-ಟರ್ನ್ ಎಲ್ಲವೂ ಹಾಗೆ. ಅವುಗಳ ಗೆರೆ ಉಳಿದುಕೊಂಡಿತು, ಇಮೇಲಿನದು ಬಿದ್ದುಹೋಯಿತು. ಕಾರಣ ಬಳಕೆ. ದಿನಕ್ಕೆ ಹತ್ತು ಸಲ ಬರೆಯುವ ಪದಕ್ಕೆ ಯಾರು ಪ್ರತಿ ಸಲವೂ ಗೆರೆ ಎಳೆಯುತ್ತಾರೆ?

ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ ತನ್ನ ಪತ್ರಕರ್ತರಿಗಾಗಿ ಒಂದು ಶೈಲಿ ಕೈಪಿಡಿ ಇಟ್ಟುಕೊಂಡಿದೆ. ಅಲ್ಲಿನ ಬಹಳ ಪತ್ರಿಕೆಗಳು ಅದನ್ನೇ ನೋಡಿ ನಡೆಯುತ್ತವೆ. ಅದರಲ್ಲಿ ವೆಬ್‌ಸೈಟ್ ಎರಡು ಪದವಾಗಿತ್ತು, ವೆಬ್ಬಿನ ಡಬ್ಲ್ಯು ದೊಡ್ಡಕ್ಷರ. 2010ರಲ್ಲಿ ಅದನ್ನು ಕೂಡಿಸಿ ಸಣ್ಣಕ್ಷರದ ಒಂದೇ ಪದ ಮಾಡಿದರು. 2011ರಲ್ಲಿ ಇಮೇಲಿನ ಗೆರೆ ತೆಗೆದರು. 2016ರ ಜೂನ್ 1ರಿಂದ ಇಂಟರ್ನೆಟ್ಟಿನ ಮೊದಲ ದೊಡ್ಡಕ್ಷರವೂ ಸಣ್ಣದಾಯಿತು. ಆ ದೊಡ್ಡಕ್ಷರಕ್ಕೆ ಒಂದು ಅರ್ಥ ಇತ್ತು. ಒಂದಕ್ಕೊಂದು ಜೋಡಿಸಿದ ಯಾವ ಜಾಲವಾದರೂ ಸಣ್ಣಕ್ಷರದ ಇಂಟರ್ನೆಟ್, ನಾವೆಲ್ಲ ಬಳಸುವ ಆ ಒಂದು ಜಾಲ ಮಾತ್ರ ದೊಡ್ಡಕ್ಷರದ್ದು. ಜನರಿಗೆ ಇರುವುದು ಒಂದೇ ಇಂಟರ್ನೆಟ್ ಆದಾಗ ಆ ವ್ಯತ್ಯಾಸ ಯಾರಿಗೂ ಬೇಕಾಗಲಿಲ್ಲ. ನಮಗೆ ದೊಡ್ಡಕ್ಷರ, ಸಣ್ಣಕ್ಷರದ ಕಾಟವೇ ಇಲ್ಲ. ಕನ್ನಡ ಪುಟದಲ್ಲಿ ಅದೊಂದು ಕೆಲಸ ಕಡಿಮೆಯಾಯಿತು.

ಇನ್ನೊಂದು ವಿಷಯ ನನಗೆ ತುಂಬಾ ಹಿಡಿಸಿತು. ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ 1990ರ ಜನವರಿ 1ರಿಂದ ಇಮೇಲ್ ಬಳಸುವುದನ್ನೇ ಬಿಟ್ಟವರು. ಆದರೆ ಆ ಪದವನ್ನು ಹೇಗೆ ಬರೆಯಬೇಕು ಅನ್ನುವುದರ ಬಗ್ಗೆ ಅವರಿಗೆ ಗಟ್ಟಿ ಅಭಿಪ್ರಾಯ ಇದೆ. ಹೊಸ ಪದ ಹುಟ್ಟುವಾಗ ಗೆರೆ ಇಟ್ಟುಕೊಂಡೇ ಹುಟ್ಟುತ್ತದೆ, ಬಳಕೆ ಹೆಚ್ಚಿದಂತೆ ಗೆರೆ ಮಾಯವಾಗುತ್ತದೆ ಅನ್ನುತ್ತಾರೆ. ಸಾಫ್ಟ್‌ವೇರ್ ಅನ್ನುವ ಪದಕ್ಕೂ ಒಂದು ಕಾಲದಲ್ಲಿ ನಡುವೆ ಗೆರೆ ಇತ್ತಂತೆ! ಇಮೇಲಿನ ಗೆರೆಯನ್ನೂ ಇನ್ನು ಬಿಡಿ, ಜೀವಮಾನದಲ್ಲಿ ಎಷ್ಟು ಸಲ ಕೀಲಿ ಒತ್ತುವುದು ಉಳಿಯುತ್ತದೆ ನೋಡಿ ಅನ್ನುವುದು ಅವರ ಮಾತು. ಇದು ಕಂಪ್ಯೂಟರ್ ಪದಗಳದ್ದಷ್ಟೇ ಕಥೆ ಅಲ್ಲ. ಇಂಗ್ಲಿಷಿನ ಹಳೇ ಪುಸ್ತಕ ತೆಗೆದು ನೋಡಿ, ಟುಡೇ, ಟುಮಾರೋ ಪದಗಳಲ್ಲೂ ಟು ಆದಮೇಲೆ ಗೆರೆ ಇರುತ್ತದೆ. 2007ರಲ್ಲಿ ಆಕ್ಸ್‌ಫರ್ಡಿನವರ ಎರಡು ಸಂಪುಟದ ಶಾರ್ಟರ್ ನಿಘಂಟು ಹೊಸದಾಗಿ ಬಂದಾಗ ಸುಮಾರು 16,000 ಪದಗಳ ಗೆರೆ ಒಂದೇ ಸಲಕ್ಕೆ ಹೋಯಿತು. ಗಮನಿಸಬೇಕಾದ್ದು ಇದು: ಗೆರೆ ಹೋದ ಪದಗಳೆಲ್ಲ ಕೂಡಿಕೊಳ್ಳಲಿಲ್ಲ. ಐಸ್‌ಕ್ರೀಮ್ ಎರಡು ಪದವಾಯಿತು. ಲೀಪ್‌ಫ್ರಾಗ್, ಕ್ರೈಬೇಬಿ ಒಂದೊಂದೇ ಪದವಾದವು. ಹಾಗಾಗಿ ಗೆರೆ ತೆಗೆದರೆ ಸಾಲದು, ತೆಗೆದಮೇಲೆ ಅಂಟಿಸುವುದೋ ಬಿಡಿಸುವುದೋ ಅನ್ನುವುದು ಬೇರೆಯೇ ಪ್ರಶ್ನೆ.

ಎಲ್ಲ ಇ-ಗಳ ಗೆರೆಯೂ ಒಟ್ಟಿಗೆ ಹೋಗಲಿಲ್ಲ. 2011ರಲ್ಲಿ ಇಮೇಲನ್ನು ಬದಲಿಸಿದ ಅದೇ ಸುದ್ದಿಸಂಸ್ಥೆ ಇ-ಬುಕ್, ಇ-ಕಾಮರ್ಸ್ ಪದಗಳ ಗೆರೆಯನ್ನು ಮುಟ್ಟಲಿಲ್ಲ. ಹೆಚ್ಚು ಸವೆದ ಪದದ ಗೆರೆ ಮೊದಲು ಹೋಯಿತು. ವೈ-ಫೈ ಇನ್ನೂ ಬೇರೆ. ಅದು 1999ರಲ್ಲಿ ಒಂದು ಬ್ರ್ಯಾಂಡ್ ಕಂಪನಿ ಕಟ್ಟಿಕೊಟ್ಟ ಹೆಸರು, ವೈ-ಫೈ ಅಲೈಯನ್ಸ್ ಅನ್ನುವ ಕೂಟದ ಟ್ರೇಡ್‌ಮಾರ್ಕ್. ಡಬ್ಲ್ಯು ದೊಡ್ಡದು, ಎಫ್ ದೊಡ್ಡದು, ನಡುವೆ ಗೆರೆ. ವೈರ್‌ಲೆಸ್ ಫಿಡೆಲಿಟಿ ಅಂತ ಅದರ ಪೂರ್ಣರೂಪ ಬಾಯಿಪಾಠ ಮಾಡಿಸುತ್ತಾರಲ್ಲ, ಅದು ಹೆಸರು ಇಟ್ಟಮೇಲೆ ಕೆಲವು ಕಾಲ ಜಾಹೀರಾತಿಗೆ ಸೇರಿಸಿದ ಮಾತು. ಮಾಸ್ತರ ಕೈಪಿಡಿಯಲ್ಲೂ ಆ ಪೂರ್ಣರೂಪ ಇತ್ತು. ತೋರಿಸಿದಾಗ ಅವರೇ ಖುಷಿಯಿಂದ ತೆಗೆಸಿದರು.

ಈಗ ನನಗೆ ಹೆಚ್ಚು ತಲೆ ತಿಂದದ್ದಕ್ಕೆ ಬರುತ್ತೇನೆ. ಲಾಗಿನ್.

ಇಂಗ್ಲಿಷಿನಲ್ಲಿ ಲಾಗ್ ಇನ್ ಎರಡು ಪದವಾದರೆ ಕ್ರಿಯಾಪದ, ಕೂಡಿಸಿದರೆ ನಾಮಪದ. ನೀವು ಮಾಡುವ ಕೆಲಸ ಬಿಡಿಬಿಡಿ, ಆ ಕೆಲಸ ಮಾಡುವ ಪುಟ ಒಂದೇ ಪದ. ಬ್ಯಾಕಪ್, ಸೆಟಪ್, ಲಾಗೌಟ್ ಎಲ್ಲವೂ ಹೀಗೇ. ಈ ಜಾಗ ಸುಮ್ನೆ ಬಿಟ್ಟದ್ದಲ್ಲ. ಕ್ರಿಯಾಪದ ಆದಾಗ ನಡುವೆ ಬೇರೆ ಪದ ನುಗ್ಗಬಹುದು, ಕಾಲ ಬದಲಾದರೆ ಮೊದಲ ತುಂಡಿಗೆ ಮಾತ್ರ ಪ್ರತ್ಯಯ ಹತ್ತುತ್ತದೆ. ಲಾಗ್ಡ್ ಇನ್ ಅನ್ನುತ್ತಾರೆ, ಲಾಗಿನ್ಡ್ ಅನ್ನುವುದಿಲ್ಲ. ಮಕ್ಕಳಿಗೆ ಹೇಳಿಕೊಡಲು ಇದಕ್ಕಿಂತ ಸುಲಭದ ಪರೀಕ್ಷೆ ನನಗೆ ಕಾಣಲಿಲ್ಲ: ನಿನ್ನೆ ಮಾಡಿದೆ ಅಂತ ಹೇಳಿ ನೋಡು, ಪದ ಬಿರಿದರೆ ಎರಡಾಗಿ ಬರಿ. ಮಾಸ್ತರ ಇಂಗ್ಲಿಷ್ ಪುಟಗಳಲ್ಲಿ ಗುಂಡಿಯ ಚಿತ್ರದ ಮೇಲೆ ಎರಡು ಪದ, ಅದರ ವಿವರಣೆಯಲ್ಲಿ ಒಂದು ಪದ, ಅಧ್ಯಾಯದ ಹೆಸರಿನಲ್ಲಿ ಗೆರೆ ಇತ್ತು. ಈ ಪರೀಕ್ಷೆ ಹಚ್ಚಿ ಒಂದು ಮಧ್ಯಾಹ್ನದಲ್ಲಿ ಎಲ್ಲಾ ಸರಿಮಾಡಿದೆ.

ಎರಡು ಪದ ಕೂಡಿ ಮೂರನೆಯದನ್ನು ಬಣ್ಣಿಸುವಾಗಲೂ ಗೆರೆ ದುಡಿಯುತ್ತದೆ. ರಿಯಲ್ ಟೈಮ್ ಅಂತ ಒಂಟಿಯಾಗಿ ಬಂದರೆ ಗೆರೆ ಬೇಡ, ಡೇಟಾ ಅನ್ನುವ ಪದದ ಮುಂದೆ ವಿಶೇಷಣವಾಗಿ ನಿಂತರೆ ಗೆರೆ ಬೇಕು. ಸ್ಮಾಲ್ ಬಿಸಿನೆಸ್ ಸಾಫ್ಟ್‌ವೇರ್ ಅಂದರೆ ಯಾವುದು ಸಣ್ಣದು? ವ್ಯಾಪಾರವೋ ತಂತ್ರಾಂಶವೋ? ಮೊದಲ ಎರಡರ ನಡುವೆ ಗೆರೆ ಹಾಕಿದರೆ ಸಣ್ಣದಾದದ್ದು ವ್ಯಾಪಾರ ಅಂತ ತಿಳಿಯುತ್ತದೆ. ಇದು ನಮಗೂ ಹೊಸದಲ್ಲ. ಹಳೇ ಪುಸ್ತಕದ ಅಂಗಡಿ ಅಂತ ಬೋರ್ಡ್ ಕಂಡರೆ ಹಳೆಯದು ಪುಸ್ತಕವೋ ಅಂಗಡಿಯೋ? ನಾವು ಊಹೆಯಿಂದ ದಾಟುತ್ತೇವೆ, ಇಂಗ್ಲಿಷಿನವರು ಗೆರೆಯಿಂದ ದಾಟುತ್ತಾರೆ.

ಗೆರೆ ಬಿಟ್ಟರೆ ಅರ್ಥವೇ ತಿರುಗುವ ಜಾಗಗಳೂ ಇವೆ. ಡಿಜಿಟಲ್ ಸಹಿಯ ಅಧ್ಯಾಯದಲ್ಲಿ ಅಂಥದ್ದೊಂದು ಸಿಕ್ಕಿತು. ದಾಖಲೆಗೆ ಮತ್ತೊಮ್ಮೆ ಸಹಿ ಹಾಕಿ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ರಿ ಆದಮೇಲೆ ಗೆರೆ ಇಟ್ಟು ಸೈನ್ ಅಂತ ಬರೆಯಬೇಕು. ಗೆರೆ ಇಲ್ಲದಿದ್ದರೆ ಅದು ರಿಸೈನ್ ಆಗಿ, ರಾಜೀನಾಮೆ ಅನ್ನುವ ಅರ್ಥ ಬರುತ್ತದೆ. ಮೂಲದಲ್ಲಿ ಗೆರೆ ಇರಲಿಲ್ಲ. ಯಾರೋ ಯಂತ್ರಾನುವಾದ ಹಚ್ಚಿ ಕಳಿಸಿದ್ದ ಕನ್ನಡ ಕರಡಿನಲ್ಲಿ ‘ದಾಖಲೆಗೆ ರಾಜೀನಾಮೆ ನೀಡಿ’ ಅಂತಲೇ ಬಂದಿತ್ತು. ಒಂದು ಸಣ್ಣ ಗೆರೆ ಇದ್ದಿದ್ದರೆ ಯಂತ್ರವೂ ಎಡವುತ್ತಿರಲಿಲ್ಲ. ಹಾಗಾಗಿ ‘ಈಗ ಯಾರೂ ಗೆರೆ ಹಾಕುವುದಿಲ್ಲ’ ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಸವೆದ ಪದದಿಂದ ತೆಗೆಯೋಣ. ಅರ್ಥ ಹೊತ್ತ ಗೆರೆಯನ್ನು ತೆಗೆಯಬಾರದು.

ಕಾಗುಣಿತದ್ದು ಬೇಗ ಹೇಳಿಬಿಡುತ್ತೇನೆ. ನಮ್ಮಲ್ಲಿ ಶಾಲೆಯಿಂದಲೂ ಬ್ರಿಟಿಷ್ ಸ್ಪೆಲ್ಲಿಂಗ್. ಆದರೂ ಕಂಪ್ಯೂಟರಿನ ಪ್ರೋಗ್ರಾಮಿಗೆ ಕೊನೆಯ ಎಮ್ ಮತ್ತು ಇ ಬೇಡ, ಸಭೆಯ ಕಾರ್ಯಕ್ರಮಕ್ಕೆ ಬೇಕು. ಹಾರ್ಡ್ ಡಿಸ್ಕಿಗೆ ಕೊನೆಯಲ್ಲಿ ಕೆ, ಕಾಂಪ್ಯಾಕ್ಟ್ ಡಿಸ್ಕಿಗೆ ಸಿ. ಇದರಲ್ಲಿ ಜಗಳ ಇಲ್ಲ, ನೆನಪಿಟ್ಟರೆ ಸಾಕು.

ಸಾಲಿನ ಕೊನೆಯ ಗೆರೆಯ ಬಗ್ಗೆ ಮಾತ್ರ ವಿವರವಾಗಿ ಹೇಳಬೇಕು. ಅದರಿಂದ ನಾನು ಪೆಟ್ಟು ತಿಂದಿದ್ದೇನೆ.

ಕೆಲವು ವರ್ಷದ ಹಿಂದೆ ಒಂದು ಸಂಸ್ಥೆಯ ಪ್ರವೇಶ ಅರ್ಜಿಯ ಕರಪತ್ರ ಬಂತು. ಎರಡು ಸಾವಿರ ಪ್ರತಿ. ಅರ್ಜಿ ಹಾಕುವ ವೆಬ್‌ಸೈಟಿನ ವಿಳಾಸ ಉದ್ದ ಇತ್ತು, ಕಾಲಮ್ಮು ಕಿರಿದು. ಪುಟ ಜೋಡಿಸುವ ತಂತ್ರಾಂಶ ತಾನೇ ಆ ವಿಳಾಸವನ್ನು ನಡುವೆ ಮುರಿದು, ಸಾಲಿನ ಕೊನೆಗೆ ಒಂದು ಗೆರೆ ಇಟ್ಟು, ಉಳಿದದ್ದನ್ನು ಕೆಳಗೆ ಹಾಕಿತ್ತು. ನಾನು ಅಕ್ಷರ ಅಕ್ಷರ ಹೊಂದಿಸಿ ನೋಡಿದ್ದೆ. ಎಲ್ಲಾ ಅಕ್ಷರ ಸರಿ ಇದ್ದವು. ಗೆರೆ ಕಣ್ಣಿಗೆ ಬಿತ್ತು, ಆದರೆ ಸಾಲು ಮುರಿದಾಗ ಬರುವ ಗೆರೆ ತಾನೇ ಅಂತ ದಾಟಿಸಿದೆ. ವೆಬ್ ವಿಳಾಸದಲ್ಲಿ ಗೆರೆ ಕೂಡ ಒಂದು ಅಕ್ಷರದ ಸಮ. ಇಂಗ್ಲಿಷ್ ಅಕ್ಷರ, ಅಂಕಿ, ಗೆರೆ ಇವು ಮೂರೂ ಸೇರಿಯೇ ಸೈಟಿನ ಹೆಸರು ಕಟ್ಟುತ್ತಾರೆ. ಒಂದು ಗೆರೆ ಜಾಸ್ತಿ ಆದರೆ ಅದು ಬೇರೆ ಊರಿನ ಬೇರೆ ಮನೆ. ಕರಪತ್ರ ನೋಡಿದ ಮಕ್ಕಳು ಗೆರೆ ಸೇರಿಸಿಯೇ ಟೈಪ್ ಮಾಡಿದರು. ಪುಟ ತೆರೆಯಲಿಲ್ಲ.

ಮುಂಡರಗಿ ಕಡೆಯ ಹಳ್ಳಿಯಿಂದ ಒಬ್ಬ ತಂದೆ ಮಗಳನ್ನು ಕರಕೊಂಡು ನೇರ ಪ್ರೆಸ್ಸಿಗೇ ಬಂದರು. ಕರಪತ್ರದ ಕೆಳಗೆ ನಮ್ಮ ಫೋನ್ ನಂಬರ್ ಇತ್ತಲ್ಲ. ‘ಮೂರು ದಿನಾ ಆತ್ರಿ, ಅಂಗಡ್ಯಾಗ ಕುಂತು ಕುಂತು ಸಾಕಾತು’ ಅಂದರು. ಮಗಳ ಕೈಯಲ್ಲಿ ಆ ಕರಪತ್ರ ನಾಲ್ಕು ಮಡಿಕೆಯಾಗಿ ಮೆತ್ತಗಾಗಿತ್ತು. ವಿಳಾಸದ ಕೆಳಗೆ ಅವಳು ಪೆನ್ಸಿಲಿನಿಂದ ಅಕ್ಷರ ಎಣಿಸಿ ಗುರುತು ಹಾಕಿಕೊಂಡಿದ್ದಳು, ಆ ಗೆರೆಯನ್ನೂ ಸೇರಿಸಿ. ಅವಳದು ಏನೂ ತಪ್ಪಿರಲಿಲ್ಲ. ಅಚ್ಚಾದದ್ದನ್ನು ಇದ್ದಂತೆ ಓದಿದ್ದಳು. ಅಲ್ಲೇ ಕಂಪ್ಯೂಟರಿನ ಮುಂದೆ ಕೂರಿಸಿ ಅರ್ಜಿ ತುಂಬಿಸಿ ಕಳಿಸಿದೆವು. ಹಂಚದೆ ಉಳಿದಿದ್ದ ಪ್ರತಿಗಳಿಗೆ ಸರಿಯಾದ ವಿಳಾಸದ ಚೀಟಿ ಅಂಟಿಸಿದೆವು. ಆ ಪೆನ್ಸಿಲಿನ ಗುರುತು ನನಗೆ ಈಗಲೂ ಕಣ್ಣ ಮುಂದೆ ಇದೆ.

ಆಮೇಲೆ ಓದಿ ತಿಳಿದೆ. ಸಂಪಾದಕರು ಬಳಸುವ ಶಿಕಾಗೊ ಕೈಪಿಡಿಯಲ್ಲಿ ಇದಕ್ಕೆ ಸ್ಪಷ್ಟ ನಿಯಮ ಇದೆ. ವೆಬ್ ವಿಳಾಸ ಮುರಿಯುವಾಗ ಹೊಸದಾಗಿ ಗೆರೆ ಸೇರಿಸಬಾರದು. ವಿಳಾಸದಲ್ಲಿ ಮೊದಲೇ ಗೆರೆ ಇದ್ದರೆ ಅದನ್ನು ಸಾಲಿನ ಕೊನೆಗೆ ಬಿಡಬಾರದು, ಮುಂದಿನ ಸಾಲಿನ ಮೊದಲಿಗೆ ತರಬೇಕು. ಆಗ ಓದುವವರಿಗೆ ಅದು ವಿಳಾಸದ್ದೇ ಗೆರೆ ಅಂತ ತಿಳಿಯುತ್ತದೆ. ನಾನು ಈಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಅಕ್ಷರದ ಅಳತೆ ಇಳಿಸಿಯಾದರೂ ವಿಳಾಸವನ್ನು ಒಂದೇ ಸಾಲಿಗೆ ತರಿಸುತ್ತೇನೆ. ವೈ-ಫೈ ಥರದ ಪದ ಸಾಲಿನ ಕೊನೆಗೆ ಬಂದು ವೈ ಮೇಲೆ, ಫೈ ಕೆಳಗೆ ಆಗುವುದನ್ನು ತಡೆಯಲು ವರ್ಡಿನಲ್ಲಿ ಕಂಟ್ರೋಲ್, ಶಿಫ್ಟ್, ಗೆರೆ ಮೂರನ್ನೂ ಒಟ್ಟಿಗೆ ಒತ್ತಬೇಕು. ಆ ಗೆರೆ ಮುರಿಯುವುದಿಲ್ಲ. ಡಿಟಿಪಿ ಮಾಡುವವರು ಇದೊಂದನ್ನು ಗೋಡೆಗೆ ಬರೆದು ಅಂಟಿಸಿಕೊಳ್ಳಬೇಕು ಅನ್ನುವುದು ನನ್ನ ಕಳಕಳಿ.

ಇಂಗ್ಲಿಷಿನಲ್ಲಿ ಪದವನ್ನು ಎಲ್ಲಿ ಮುರಿಯಬೇಕು ಅನ್ನುವುದೇ ಒಂದು ವಿದ್ಯೆ. ನಾಲೆಡ್ಜ್ ಪದವನ್ನು ಬ್ರಿಟಿಷರು ಹುಟ್ಟು ನೋಡಿ ಡಬ್ಲ್ಯು ಆದಮೇಲೆ ಮುರಿಯುತ್ತಿದ್ದರು, ಅಮೆರಿಕದವರು ಉಚ್ಚಾರ ನೋಡಿ ಎಲ್ ಆದಮೇಲೆ. ಇದನ್ನು ಕಂಪ್ಯೂಟರಿಗೆ ಕಲಿಸಿದವರು ಫ್ರಾಂಕ್ ಲಿಯಾಂಗ್, ಮೇಲೆ ಹೇಳಿದ ಕ್ನೂತ್ ಅವರ ಶಿಷ್ಯ. 1983ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಪಿಎಚ್‌ಡಿ ಮಾಡಿದರು. ಆ ಪ್ರಬಂಧದ ಹೆಸರಿನ ಪದಗಳನ್ನೇ ಗೆರೆ ಹಾಕಿ ಒಡೆದು ಬರೆದಿದ್ದಾರೆ. ಕನ್ನಡದಲ್ಲಿ ನಮ್ಮ ಪುಣ್ಯ, ಅಕ್ಷರದ ಒಳಗೆ ಮುರಿಯದಿದ್ದರೆ ಸಾಕು. ಒತ್ತು ಕೆಳಗೆ ಅಂಟಿಕೊಂಡೇ ಬರುತ್ತದೆ.

ಇನ್ನು ಕನ್ನಡ ಪುಟ. ನನ್ನ ನಿಜವಾದ ಪ್ರಶ್ನೆ ಇಲ್ಲೇ ಇದೆ.

ಮಾತಿನಲ್ಲಿ ನಾವು ಈಮೇಲ್ ಅಂತ ಎಳೆದೇ ಅನ್ನುತ್ತೇವೆ. ಕಿವಿಗೆ ಕೇಳಿದಂತೆ ಬರೆದರೆ ಈಮೇಲ್ ಸರಿ. ಆದರೆ ಅದಕ್ಕೆ ವಿಭಕ್ತಿ ಹಚ್ಚಿ ನೋಡಿ. ‘ಈಮೇಲಿನ ವಿಳಾಸಕ್ಕೆ ಕಳಿಸಿ.’ ಒಂದು ಸಣ್ಣ ಜಾಗ ಬಿಟ್ಟರೆ ‘ಈ ಮೇಲಿನ ವಿಳಾಸಕ್ಕೆ ಕಳಿಸಿ.’ ಒಂದು ಇಮೇಲ್ ವಿಳಾಸ, ಇನ್ನೊಂದು ಮೇಲೆ ಬರೆದ ಅಂಚೆ ವಿಳಾಸ! ನಮ್ಮ ಕಚೇರಿ ಪತ್ರಗಳಲ್ಲಿ ಈ ಮೇಲಿನ, ಈ ಕೆಳಗಿನ ಇಲ್ಲದ ಪುಟವೇ ಇರುವುದಿಲ್ಲ. ಇದೇ ಕೈಪಿಡಿಯ ಮೂವತ್ತನೇ ಪುಟದಲ್ಲಿ ಆ ವಾಕ್ಯ ಇದೆ. ನಾನೇ ಎರಡು ಸಲ ಓದಿದೆ. ಫ್ರೆಂಚರಿಗೂ ಇಂಥದ್ದೇ ಪೇಚು. ಇಮೇಲ್ ಅನ್ನುವ ಅದೇ ಅಕ್ಷರಗಳು, ಮೊದಲ ಇ ತಲೆಗೊಂದು ಚಿಹ್ನೆ ಇಟ್ಟರೆ, ಅವರಲ್ಲಿ ಪಾತ್ರೆಗೆ ಹಚ್ಚುವ ಎನಾಮಲ್. ಹಾಗಾಗಿ ಕನ್ನಡದಲ್ಲಿ ಹ್ರಸ್ವ ಇ ಇರಲಿ, ದೀರ್ಘ ಬೇಡ ಅನ್ನುವುದು ನನ್ನ ತೀರ್ಮಾನ. ಇಮೇಲ್, ಇಮೇಲಿನಲ್ಲಿ, ಇಮೇಲಿಗೆ. ಗೆರೆ ಬೇಡ. ಪದ ಮನೆಮಾತಾಗಿದೆ, ಅಲ್ವಾ? ಪೋರ್ಚುಗೀಸರಿಂದ ಬಂದ ಮೇಜು, ಚಾವಿ ನಮ್ಮವಾಗಿಲ್ಲವೇ?

ಆದರೆ ಎಲ್ಲ ಇ-ಗೂ ಇದೇ ನಿಯಮ ಹಚ್ಚಲು ಆಗುವುದಿಲ್ಲ. ಇ-ಆಡಳಿತ ನೋಡಿ. ಗೆರೆ ತೆಗೆದು ಕೂಡಿಸಿದರೆ ನಮ್ಮ ಸಂಧಿ ಎದ್ದು ಕೂರುತ್ತದೆ. ಮರಿ, ಅನ್ನು ಕೂಡಿದರೆ ಮರಿಯನ್ನು ಆದಂತೆ ನಡುವೆ ಯಕಾರ ಬಂದು ಇಯಾಡಳಿತ ಆಗಬೇಕು. ಅದು ಯಾರಿಗೂ ಅರ್ಥವಾಗದು. ಇಆಡಳಿತ ಅಂತ ಎರಡು ಸ್ವರ ಒತ್ತಟ್ಟಿಗೆ ಇಡುವುದು ಕನ್ನಡದ ಕಣ್ಣಿಗೆ ಒಗ್ಗುವುದಿಲ್ಲ. ಇಲ್ಲಿ ಗೆರೆ ಸಂಧಿಯನ್ನು ತಡೆದು ನಿಲ್ಲಿಸುತ್ತದೆ, ಇರಲೇಬೇಕು. ಇ-ಸ್ವತ್ತು, ಇ-ಖಾತಾ ಪದಗಳಲ್ಲಿ ಸ್ವರ ಎದುರಾಗುವುದಿಲ್ಲ ನಿಜ. ಆದರೂ ಗೆರೆ ತೆಗೆದರೆ ಇಸ್ವತ್ತು ಅಂತ ಆಗಿ, ಸ್ಕೂಲು ಇಸ್ಕೂಲು ಆದಂತೆ ಓದಿಸಿಕೊಳ್ಳುತ್ತದೆ. ಪಂಚಾಯಿತಿಯಲ್ಲಿ ಜನ ದಿನಾ ಕೇಳುವ ಪದ ಇದು. ಗೆರೆ ಉಳಿಸಿದ್ದೇನೆ.

ನಮ್ಮ ಊರುಗಳ ನಡುವಿನ ಗೆರೆ ಬೇರೆ ಜಾತಿಯದು. ಹುಬ್ಬಳ್ಳಿ-ಧಾರವಾಡ, ಗದಗ-ಬೆಟಗೇರಿ. ಇಲ್ಲಿ ಗೆರೆ ಅಂದರೆ ಮತ್ತು. ಎರಡೂ ತಮ್ಮ ಹೆಸರು ಬಿಟ್ಟುಕೊಟ್ಟಿಲ್ಲ. 1962ರಲ್ಲಿ ಹುಬ್ಬಳ್ಳಿ, ಧಾರವಾಡ ಎರಡಕ್ಕೂ ಸೇರಿ ಒಂದೇ ಮಹಾನಗರ ಪಾಲಿಕೆ ಆದಾಗಲೂ ಗೆರೆ ನಡುವೆ ನಿಂತಿತು. ಇದನ್ನು ಪ್ರಸ್ತಾಪಿಸಲು ಕಾರಣ ಇದೆ. ಮಕ್ಕಳಿಗೆ ಗೆರೆ ಅಂದರೆ ಮೊದಲು ನೆನಪಾಗುವುದು ತಾಯಿ-ತಂದೆ, ಹಗಲು-ರಾತ್ರಿ ಥರದ ಈ ಜೋಡಿ. ಇ-ಮೇಲ್ ಅಂತ ಬರೆದರೆ ಇ ಮತ್ತು ಮೇಲ್ ಎರಡು ವಸ್ತು ಅಂದುಕೊಳ್ಳುವ ಮಗುವನ್ನು ನಾನು ನೋಡಿದ್ದೇನೆ.

ಇನ್ನೊಂದು ತೊಡಕು ಕಾಣದ ಅಕ್ಷರದ್ದು. ಆನ್‌ಲೈನ್ ಅಂತ ಟೈಪ್ ಮಾಡುವಾಗ ನಕಾರದ ಪೊಲ್ಲು ಆದಮೇಲೆ ಜೀರೋ ವಿಡ್ತ್ ನಾನ್ ಜಾಯ್ನರ್ ಅನ್ನುವ, ಅಗಲವೇ ಇಲ್ಲದ ಅಕ್ಷರ ಕೂರುತ್ತದೆ. ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಅದರ ಸಂಖ್ಯೆ 200ಸಿ. ಅದು ಇದ್ದರೆ ಆನ್‌ಲೈನ್, ಇಲ್ಲದಿದ್ದರೆ ಆನ್ಲೈನ್. ಸಾಫ್ಟ್‌ವೇರ್ ಹೋಗಿ ಸಾಫ್ಟ್ವೇರ್ ಆದರೆ ಒತ್ತಿನ ಕೆಳಗೆ ಒತ್ತು ಬಂದು ಕೆಳಗಿನ ಸಾಲಿಗೆ ತಾಗುತ್ತದೆ. ಮಾಸ್ತರ ಕಡತ ಹಳೇ ಫಾಂಟಿನಿಂದ ಯೂನಿಕೋಡಿಗೆ ಬದಲಾಗುವಾಗ ಈ ಕಾಣದ ಅಕ್ಷರ ಅರ್ಧ ಕಡೆ ಉದುರಿತ್ತು. ಹುಡುಕಿ ಬದಲಿಸೋಣ ಅಂದರೆ ಒಂದು ರೂಪ ಸಿಕ್ಕರೆ ಇನ್ನೊಂದು ಸಿಗುತ್ತಿರಲಿಲ್ಲ. ಇದರಿಂದ ಬೇಸತ್ತೇ ಬಹಳ ಜನ ಆನ್-ಲೈನ್ ಅಂತ ಗೆರೆ ಹಾಕುತ್ತಾರೆ. ಅವರಿಗೆ ಬೇಕಾದದ್ದು ಒತ್ತು ಆಗದಂತೆ ತಡೆಯುವ ಉಪಾಯ, ಅದಕ್ಕೆ ಗೆರೆ ಕೈಗೆ ಸಿಕ್ಕಿದೆ. ಇದು ಇಂಗ್ಲಿಷಿನಿಂದ ಬಂದ ಗೆರೆಯೇ ಅಲ್ಲ, ಕೀಲಿಮಣೆಯ ಕಷ್ಟದಿಂದ ಹುಟ್ಟಿದ್ದು. ನಾನು ಗೆರೆ ತೆಗೆದು ಕಾಣದ ಅಕ್ಷರ ಹಾಕಿಸುತ್ತಿದ್ದೇನೆ. ಕೆಲಸ ಜಾಸ್ತಿ, ಆದರೆ ಓದಲು ಹಿತ.

ಲಾಗಿನ್ನಿಗೆ ಕನ್ನಡದಲ್ಲಿ ಇಂಗ್ಲಿಷಿನ ಆ ಜಾಗದ ಗೊಡವೆ ಬೇಡ ಅನ್ನಿಸುತ್ತದೆ. ನಾವು ಹೊರಗಿನ ಕ್ರಿಯಾಪದವನ್ನು ನಾಮಪದ ಮಾಡಿಕೊಂಡೇ ತರುತ್ತೇವೆ. ಕೆಲಸವನ್ನೆಲ್ಲ ಮಾಡು, ಆಗು, ತಗೋ ಹೊರುತ್ತವೆ. ಲಾಗಿನ್ ಆಗಿ, ಬ್ಯಾಕಪ್ ತಗೊಳ್ಳಿ, ಡೌನ್‌ಲೋಡ್ ಮಾಡಿ. ‘ನಿನ್ನೆ ಲಾಗಿನ್ ಆದೆ’ ಅಂದರೂ ಪದ ಬಿರಿಯುವುದಿಲ್ಲ. ಹಾಗಾದರೆ ಎರಡು ಕಡೆಯೂ ಒಂದೇ ಪದ ಬರೆಯಬಹುದು. ಗಕಾರದ ಪೊಲ್ಲಿಗೆ ಇಕಾರ ಸೇರಿ ಗಿ ಆಗುವುದು ನಮ್ಮ ಬಾಯಿಗೂ ಸಹಜ. ಲಾಗೌಟ್, ಸೆಟಪ್, ಪ್ಲಗಿನ್ ಎಲ್ಲವೂ ಹೀಗೆ ಕೂಡಿಕೊಂಡಿವೆ. ವಿಭಕ್ತಿಯನ್ನೂ ಇದೇ ರೀತಿ ಹಚ್ಚುತ್ತಿದ್ದೇನೆ. ವೆಬ್‌ಸೈಟ್‌ನಲ್ಲಿ ಅನ್ನುವುದಕ್ಕಿಂತ ವೆಬ್‌ಸೈಟಿನಲ್ಲಿ. ಬಸ್ಸಿನ್ಯಾಗ, ಮೊಬೈಲಿನ್ಯಾಗ ಅನ್ನುವವರು ನಾವು, ನಮಗೆ ಇದು ಬಾಯಿಗೆ ಬರುತ್ತದೆ.

ಇಷ್ಟೆಲ್ಲ ಆದಮೇಲೂ ಎರಡು ಪದ ನನ್ನ ನಿಯಮಕ್ಕೆ ಬಗ್ಗುತ್ತಿಲ್ಲ. ಒಂದು ಸೈನ್ ಇನ್. ಲಾಗಿನ್ನಿನಂತೆ ಕೂಡಿಸಿದರೆ ಸೈನಿನ್ ಆಗುತ್ತದೆ. ಓದಿದವರಿಗೆ ಸೈನಿಕ ನೆನಪಾಗುತ್ತಾನೆ, ಸಹಿ ನೆನಪಾಗುವುದಿಲ್ಲ. ಇನ್ನೊಂದು ಆಡ್ ಆನ್, ಅಂದರೆ ತಂತ್ರಾಂಶಕ್ಕೆ ಮೇಲಿಂದ ಸೇರಿಸಿಕೊಳ್ಳುವ ತುಣುಕು. ಕೂಡಿಸಿದರೆ ಆಡಾನ್. ಇಂಗ್ಲಿಷಿನವರೂ ಇದರ ನಾಮಪದಕ್ಕೆ ಗೆರೆ ಉಳಿಸಿಕೊಂಡಿದ್ದಾರೆ, ಅವರಲ್ಲೂ ಡಿ ಎರಡು ಸಲ ಬಂದು ಒ ಜೊತೆ ಕೂಡುವುದು ಕಣ್ಣಿಗೆ ತೊಡಕು. ಲಾಗಿನ್ ಒಂದೇ ಪದ ಮಾಡಿ, ಅದರ ಪಕ್ಕದಲ್ಲೇ ಸೈನ್ ಇನ್ ಎರಡು ಪದ ಬರೆದರೆ ಯಾಕೆ ಹೀಗೆ ಅಂತ ಮಕ್ಕಳು ಕೇಳುತ್ತಾರೆ, ಮಾಸ್ತರೂ ಕೇಳುತ್ತಾರೆ. ಸೈನ್-ಇನ್ ಅಂತ ಗೆರೆ ಹಾಕಿದರೆ ನಾನೇ ತೆಗೆದ ಗೆರೆಯನ್ನು ನಾನೇ ವಾಪಸು ತಂದಂತೆ. ಎಲ್ಲ ಕಡೆ ಲಾಗಿನ್ ಅಂತಲೇ ಬರೆದು ಸೈನ್ ಇನ್ ಪದವನ್ನೇ ಬಿಡೋಣ ಅಂದರೆ, ಮಕ್ಕಳ ಮೊಬೈಲಿನ ಪರದೆ ಮೇಲೆ ಸೈನ್ ಇನ್ ಅಂತಲೇ ಇರುತ್ತದೆ.

ನೀವು ಇವೆರಡನ್ನು ಕನ್ನಡದಲ್ಲಿ ಹೇಗೆ ಬರೆಯುತ್ತೀರಿ? ಪಾಠ ಮಾಡುವವರು, ಪತ್ರಿಕೆಯ ಡೆಸ್ಕಿನಲ್ಲಿ ಇರುವವರು, ಕನ್ನಡಕ್ಕೆ ತಂತ್ರಾಂಶ ತರುವವರು ದಯವಿಟ್ಟು ನಿಮ್ಮ ರೂಪ ಮತ್ತು ಅದಕ್ಕೆ ನಿಮ್ಮ ಕಾರಣ ಎರಡನ್ನೂ ತಿಳಿಸಿ.